ಸ್ಟೀಲ್ ಎಂದು ಹೇಳಿ ಹಿತ್ತಾಳೆ ಕೊಟ್ಟ ಕ್ರೋನೋಗ್ರಾಫ್ ವಾಚಿನ ಬಗ್ಗೆ ದೂರು

ಗೆ,
ದೂರು ಪರಿಹಾರ ಅಧಿಕಾರಿಯವರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾಚಿನ ಕೇಸ್ (ಹೊರಕವಚ) ಬಗ್ಗೆ ತಪ್ಪು ಮಾಹಿತಿ, ಸೊನ್ನೆಗೆ ನಿಲ್ಲದ ಸೆಕೆಂಡ್ ಮುಳ್ಳು, ಹಣ ವಾಪಸ್ ಕೋರಿ

ಮಾನ್ಯರೇ,

ಕಳೆದ ಜೂನ್‌ನಲ್ಲಿ ನಿಮ್ಮದೇ ವೆಬ್‌ಸೈಟಿನಿಂದ 3,495 ರೂಪಾಯಿ ಕೊಟ್ಟು ನೀಲಿ ಡಯಲ್‌ನ ಕ್ವಾರ್ಟ್ಜ್ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚೂ ಇರುವ ವಾಚ್, ತರಿಸಿಕೊಂಡೆ. ಏಳು ತಿಂಗಳು ದಿನಾ ಕಟ್ಟಿದ್ದೇನೆ. ನಾನು ತುಮಕೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕ್ರೋನೋಗ್ರಾಫ್ ನನಗೆ ಶೋಕಿಯಲ್ಲ, ಮೈದಾನದಲ್ಲಿ ಮಕ್ಕಳನ್ನು ಓಡಿಸುವಾಗ ಬೇಕಾಗುವ ವಸ್ತು.

ವಾಚ್ ನೋಡಲು ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬಿಸಿಲಿಗೆ ಹಿಡಿದರೆ ಡಯಲ್‌ನ ನೀಲಿ ನಡುವಿನಿಂದ ಅಂಚಿಗೆ ಕಿರಣದ ಹಾಗೆ ಹರಡುತ್ತದೆ. ಈ ಬೆಲೆಯ ಎಷ್ಟೋ ವಾಚುಗಳಲ್ಲಿ ದೊಡ್ಡ ಡಯಲ್ ಒಳಗಿನ ಮೂರು ಪುಟ್ಟ ಡಯಲ್‌ಗಳು ಬರೀ ಚಿತ್ರ. ನಿಮ್ಮದರಲ್ಲಿ ಮೂರೂ ಓಡುತ್ತವೆ. ಅದನ್ನು ನೋಡಿಯೇ ಕೊಂಡೆ.

ಐದನೇ ತಿಂಗಳಿಗೆ ಚೈನು ಸೇರುವ ಕಿವಿಗಳ ಕೆಳಗೆ ಬಣ್ಣ ಎದ್ದಿತು. ಬೆಳ್ಳಿ ಬಣ್ಣದ ಕೆಳಗೆ ಹಳದಿ ಕಾಣಿಸಿತು. ಮಣಿಕಟ್ಟಿನ ಮೇಲೆ ಹಸಿರು ಕಲೆ, ಬಿಳಿ ಶರ್ಟಿನ ತೋಳಿಗೆ ಕಪ್ಪು ಗೆರೆ. ಎಂಟನೇ ಕ್ಲಾಸಿನ ಹುಡುಗ ಒಬ್ಬ "ಸಾರ್, ನಿಮ್ ವಾಚ್ ಬಣ್ಣ ಬಿಡ್ತಿದೆ" ಅಂದ. ಇಡೀ ಸಾಲು ನಕ್ಕಿತು.

ನಮ್ಮ ಬೀದಿಯಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರು. ಅವರು ವಾಚನ್ನು ಮಗುಚಿ, ಹಿಂಬದಿಯ ಮುಚ್ಚಳದ ಮೇಲೆ ಕೊರೆದಿದ್ದ ಅಕ್ಷರಗಳನ್ನು ತೋರಿಸಿದರು: 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್'. "ಇದರರ್ಥ ಮುಚ್ಚಳ ಮಾತ್ರ ಸ್ಟೀಲು. ಉಳಿದದ್ದು ಹಿತ್ತಾಳೆ, ಮೇಲೆ ಗಿಲೀಟು" ಅಂದರು. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಬೆವರು ತಾಗಿದರೆ ಹಸಿರು ಬಿಡುತ್ತದೆ. ಹಿತ್ತಾಳೆ ಕೇಸಿಗೆ ಲೇಪ ಹಾಕುವುದು ಹೊಸದೇನಲ್ಲ, ಹಳೆಯ ಒಳ್ಳೊಳ್ಳೆ ವಾಚುಗಳಲ್ಲೂ ಇತ್ತು. ಅದು ಮೋಸವೂ ಅಲ್ಲ. ಆದರೆ ನಿಮ್ಮ ವೆಬ್‌ಸೈಟಿನಲ್ಲಿ ಇರುವುದು 'ಸ್ಟೇನ್‌ಲೆಸ್ ಸ್ಟೀಲ್ ಕೇಸ್' ಎಂಬ ಮಾತು. ಕೇಸ್ ಎಂದರೆ ಮುಚ್ಚಳವೇ? ಪಾತ್ರೆ ಸ್ಟೀಲಿನದು ಎಂದು ಮಾರಿ, ಮುಚ್ಚುವ ತಟ್ಟೆ ಮಾತ್ರ ಸ್ಟೀಲಿನದು ಅಂದ ಹಾಗಾಯಿತು. ಆ ಪುಟದ ಚಿತ್ರವನ್ನೂ ಮುಚ್ಚಳದ ಫೋಟೋವನ್ನೂ ಲಗತ್ತಿಸಿದ್ದೇನೆ.

ಎರಡನೆಯದು ಮುಳ್ಳಿನ ಸಮಸ್ಯೆ. ಮೇಲಿನ ಬಟನ್ ಒತ್ತಿದರೆ ದೊಡ್ಡ ಸೆಕೆಂಡ್ ಮುಳ್ಳು ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು, ಕೆಳಗಿನದು ಒತ್ತಿದರೆ 12ಕ್ಕೆ ಮರಳಬೇಕು. ನನ್ನದು 58ಕ್ಕೆ ಬಂದು ನಿಲ್ಲುತ್ತದೆ. ಕೈಪಿಡಿಯಲ್ಲಿ ಬರೆದಂತೆ ಕ್ರೌನ್ (ಪಕ್ಕದ ತಿರುಪು) ಪೂರ್ತಿ ಎಳೆದು, ಬಟನ್ ಒತ್ತಿ ಒಂದೊಂದೇ ಹೆಜ್ಜೆ ಸರಿಸಿ 12ಕ್ಕೆ ತಂದೆ. ಎರಡು ದಿನ ಸರಿ ಇತ್ತು, ಮತ್ತೆ 58. ಮತ್ತೆ ತಂದೆ, ಆಮೇಲೆ 57. ಮುಳ್ಳು ಅದರ ಕಡ್ಡಿಯ ಮೇಲೆ ಸಡಿಲವಾಗಿ ಕೂತಿದೆ, ಜೋರಾಗಿ ಮರಳುವಾಗ ಜಾರುತ್ತಿದೆ ಎಂದು ಅದೇ ಹಿರಿಯರು ಹೇಳಿದರು. ವಾರಂಟಿ ಹೋದೀತು ಎಂದು ಬಿಚ್ಚಿಸಲಿಲ್ಲ. ಇದು ಸೆಕೆಂಡಿಗೊಂದು ಹೆಜ್ಜೆ ಹಾಕುವ ಮುಳ್ಳು, 100 ಮೀಟರ್ ಓಟಕ್ಕೆ ಆಗುವುದಿಲ್ಲ ಎಂದು ನನಗೂ ಗೊತ್ತು. ಅದಕ್ಕೆ ಬೇರೆ ಸ್ಟಾಪ್‌ವಾಚ್ ಇದೆ. ಆದರೆ 1500 ಮೀಟರಿಗಾದರೂ ಸರಿ ಹೇಳಬೇಕಲ್ವಾ?

ಚಿಕ್ಕಪುಟ್ಟದ್ದೂ ಇವೆ. ಅಂಚಿನಲ್ಲಿ ವೇಗ ಲೆಕ್ಕ ಹಾಕಲು ಇರುವ ಟ್ಯಾಕಿಮೀಟರ್ ಪಟ್ಟಿ ಅರ್ಧ ಗೆರೆ ಓರೆಯಾಗಿ ಅಂಟಿದೆ, 60 ಎಂಬ ಅಂಕೆ 12ರ ನೇರಕ್ಕೆ ಇಲ್ಲ. ಒಂದು ಕಿಲೋಮೀಟರಿಗೆ 45 ಸೆಕೆಂಡ್ ಹಿಡಿದರೆ ಗಂಟೆಗೆ 80 ಕಿಲೋಮೀಟರ್ ಎಂದು ಅದನ್ನು ನೋಡಿ ಲೆಕ್ಕ ಹಾಕುವವರು ಯಾರಿದ್ದಾರೆ, ಬಿಡಿ. ಆದರೂ ದಿನಾ ಕಣ್ಣು ಅಲ್ಲಿಗೇ ಹೋಗುತ್ತದೆ. ಚೈನಿನ ಕೊಂಡಿಗಳು ತಗಡು ಮಡಚಿ ಮಾಡಿದವು. ಕೈ ಬೀಸಿದರೆ ಗೆಜ್ಜೆ ಕಟ್ಟಿದ ಹಾಗೆ ಸದ್ದು, ಜೊತೆಗೆ ಕೂದಲು ಕೀಳುತ್ತದೆ. ಬೆಲೆ ನೋಡಿ ಇವೆರಡನ್ನೂ ಸಹಿಸಿಕೊಂಡೆ. ಇವುಗಳ ಬಗ್ಗೆ ನನ್ನ ದೂರಿಲ್ಲ.

ನಿಮಗೆ ಎರಡು ಸಲ ಮೇಲ್ ಮಾಡಿದೆ. ಮೊದಲನೆಯದಕ್ಕೆ 11ನೇ ದಿನ ಉತ್ತರ ಬಂತು: "ಬೆವರಿನಿಂದ ಹೀಗಾಗಿದೆ, ಲೇಪಕ್ಕೆ ವಾರಂಟಿ ಇಲ್ಲ." ಕೈಗೆ ಕಟ್ಟುವ ವಾಚಿಗೆ ಬೆವರು ತಾಗದೆ ಇನ್ನೇನು ತಾಗಬೇಕು ಸ್ವಾಮಿ? ಅದೂ ನೀವೇ 'ಸ್ಪೋರ್ಟ್ಸ್ ವಾಚ್' ಎಂದು ಮಾರಿದ್ದು. ಇನ್ನೊಂದು ಮಾತು: ಕೇಸ್ ಸ್ಟೀಲಿನದೇ ಆಗಿದ್ದರೆ ಏಳಲು ಅದರ ಮೇಲೆ ಲೇಪ ಎಲ್ಲಿಂದ ಬಂತು? ನಿಮ್ಮ ಉತ್ತರದಲ್ಲೇ ನನ್ನ ದೂರಿಗೆ ಸಾಕ್ಷಿ ಇದೆ. ಎರಡನೇ ಮೇಲ್‌ಗೆ ಉತ್ತರವೇ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿತು ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ನನಗೆ ಬೇಕಾಗಿರುವುದು ಪೂರ್ತಿ 3,495 ರೂಪಾಯಿ. ಅದೇ ಮಾದರಿಯ ಇನ್ನೊಂದು ವಾಚ್ ಬೇಡ, ಅದೂ ಐದು ತಿಂಗಳಿಗೆ ಹಳದಿಯಾಗುತ್ತದೆ. ರಿಯಾಯಿತಿ ಕೂಪನ್ ಅಂತೂ ಕಳಿಸಲೇಬೇಡಿ. ವೆಬ್‌ಸೈಟಿನಲ್ಲಿ 'ಲೇಪವಿರುವ ಹಿತ್ತಾಳೆ ಕೇಸ್, ಸ್ಟೀಲ್ ಮುಚ್ಚಳ' ಎಂದು ತಿದ್ದಿ. ಹಾಗೆ ಬರೆದರೂ ಕೊಳ್ಳುವವರು ಕೊಳ್ಳುತ್ತಾರೆ, ಡಯಲ್ ಅಷ್ಟು ಚೆನ್ನಾಗಿದೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವಸ್ತುಗಳ ದೂರಿಗೆ ಅಲ್ಲಿ ಶುಲ್ಕವಿಲ್ಲ.

ವಾಚನ್ನು ಬಿಲ್ಲಿನ ಜೊತೆ ಅದರದೇ ಡಬ್ಬಿಯಲ್ಲಿಟ್ಟಿದ್ದೇನೆ. ಯಾವ ಕೆಲಸದ ದಿನವಾದರೂ ಸಂಜೆ ಐದರ ನಂತರ ಕೊರಿಯರ್‌ನವರನ್ನು ಕಳಿಸಿ.

ಇಂತಿ,
ನಿಮ್ಮ ಗ್ರಾಹಕ,
ತುಮಕೂರು

ಲಗತ್ತು: ಬಿಲ್, ವೆಬ್‌ಪುಟದ ಚಿತ್ರ, ವಾಚಿನ ಫೋಟೋಗಳು, ನಿಮ್ಮ ಮೇಲ್‌ನ ಪ್ರತಿ