ತಪಸ್ಸು ಕಾಲ: 40 ದಿನದ ಲೆಕ್ಕ

ತಪಸ್ಸು ಕಾಲದಲ್ಲಿ (ಲೆಂಟ್), ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಪ್ರಾಯಶ್ಚಿತ್ತದ ಅವಧಿಯಲ್ಲಿ, ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಕಥೋಲಿಕರು ಸತತ 40 ದಿನ ಉಪವಾಸವಿರುತ್ತಾರೆಂಬ ವರದಿಯಲ್ಲಿ ಎಣಿಕೆಯೂ ನಿಯಮವೂ ತಪ್ಪಿವೆ. 2026ರಲ್ಲಿ ಫೆಬ್ರುವರಿ 18ರ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಏಪ್ರಿಲ್ 4ರ ಪವಿತ್ರ ಶನಿವಾರದವರೆಗೆ ಬೆರಳು ಮಡಚಿ ಎಣಿಸಿದರೆ ಸಿಗುವುದು 46 ದಿನ. ನಡುವಿನ ಆರು ಭಾನುವಾರಗಳು ಯೇಸುವಿನ ಪುನರುತ್ಥಾನದ ಸ್ಮರಣೆಯ ದಿನಗಳಾದ್ದರಿಂದ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದೇ ಆ 40. ಇನ್ನು ಲ್ಯಾಟಿನ್ ವಿಧಿಯವರಿಗೆ, ಅಂದರೆ ರೋಮನ್ ಪದ್ಧತಿಯ ಕಥೋಲಿಕರಿಗೆ, ಉಪವಾಸ ಕಡ್ಡಾಯವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 18ರಿಂದ 59 ವರ್ಷದೊಳಗಿನವರಿಗೆ. ಅಂದು ಹೊಟ್ಟೆ ತುಂಬ ಒಂದು ಊಟ, ಬೇಕಿದ್ದರೆ ಎರಡು ಹೊತ್ತು ಅಲ್ಪಾಹಾರ. ನೀರೂ ಮುಟ್ಟಬಾರದೆಂಬ ನಿಯಮವೇನೂ ಇಲ್ಲ. ಇಂಥ ವರದಿಗಳನ್ನು ಅಚ್ಚಿಗೆ ಕಳಿಸುವ ಮುನ್ನ ಆಯಾ ವರ್ಷದ ಆರಾಧನಾ ಪಂಚಾಂಗವನ್ನೊಮ್ಮೆ ತೆರೆದು ನೋಡುವುದು ಒಳಿತು.