ಚಿಪ್ ಬದಲಾಗೋ ಹೊತ್ತಲ್ಲಿ ಕಾಯೋದಾ, ತಗೊಳ್ಳೋದಾ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ತಂತ್ರಜ್ಞಾನ ಪುಟಕ್ಕೆ ಲ್ಯಾಪ್‌ಟಾಪ್ ಬಗ್ಗೆ ಯಾರು ಏನೇ ಕೇಳಿ ಬರೆದ್ರೂ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ, ಸ್ವಲ್ಪ ಕಾಯಿರಿ ಹೊಸ ಚಿಪ್ ಬರ್ತಿದೆ ಅಂತ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ಹಳೇ ಮಷೀನ್‌ಗಳು ಎಷ್ಟೋ ವಿಂಡೋಸ್ 11ಕ್ಕೆ ಹೋಗಲ್ಲ, ಹಾಗಾಗಿ ಜನ ಅಂಗಡಿಗೆ ಹೋಗ್ತಾರೆ, ಅಲ್ಲಿ ನೋಡಿದ್ರೆ ಇಂಟೆಲ್, ಎಎಂಡಿ ಪಕ್ಕದಲ್ಲೇ ಆರ್ಮ್ ಅನ್ನೋ ಬೇರೆ ಜಾತಿಯ, ಮೊಬೈಲ್‌ಗಳಲ್ಲಿ ಇರೋ ಥರದ ಸ್ನಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪೂ ಇಟ್ಟಿರ್ತಾರೆ, ತಲೆ ಕೆಟ್ಟು ವಾಪಸ್ ಬರ್ತಾರೆ. ಪ್ರೊಸೆಸರ್ ಥರಾನೇ ಬದಲಾಗೋ ಹೊತ್ತಲ್ಲಿ ಹೊಸದು ಬರುತ್ತೆ ಕಾಯಿರಿ ಅನ್ನೋ ಈ ಊಹೆಗಳು ಎಷ್ಟು ಕೆಲಸಕ್ಕೆ ಬರ್ತವೆ ಅಂತ ನೋಡೋಕೆ ಆಪಲ್ ಕಥೆ ಸಾಕು, ಅವ್ರು ಇದನ್ನ ಒಂದಲ್ಲ ಎರಡಲ್ಲ ಮೂರು ಸಲ ಮಾಡಿದಾರೆ. 1994ರ ಮೊದಲನೇದು ಬಿಡಿ, ಆಮೇಲಿನ ಎರಡು ನೋಡಿ.

2003ರಲ್ಲಿ ಸ್ಟೀವ್ ಜಾಬ್ಸ್ ಇನ್ನೊಂದು ವರ್ಷದಲ್ಲಿ 3 ಗಿಗಾಹರ್ಟ್ಸ್ ವೇಗದ ಜಿ5 (ಆಗ ಆಪಲ್‌ನ ಮ್ಯಾಕ್ ಕಂಪ್ಯೂಟರಲ್ಲಿದ್ದ ಚಿಪ್) ಕೊಡ್ತೀವಿ ಅಂದಿದ್ರು, ಬರಲೇ ಇಲ್ಲ. ಜಿ5 ಹಾಕಿದ ಪವರ್‌ಬುಕ್ ಅನ್ನೋ ಆಪಲ್ ಲ್ಯಾಪ್‌ಟಾಪ್ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದೋರಿಗೆ ಅದೂ ಸಿಗಲಿಲ್ಲ, ಲ್ಯಾಪ್‌ಟಾಪ್ ಒಳಗೆ ಕೂರಿಸೋಕೆ ಆಗದಷ್ಟು ಬಿಸಿ ಆ ಚಿಪ್ಪು. 2005ರ ಜೂನ್ 6ಕ್ಕೆ ಇದ್ದಕ್ಕಿದ್ದಂಗೆ ಇಂಟೆಲ್‌ಗೆ ಹೋಗ್ತೀವಿ ಅಂದ್ರು, ಮೊದಲ ಮಷೀನ್ 2006ರ ಜೂನ್ ಒಳಗೆ ಅಂತ ವಾಯಿದೆನೂ ಹೇಳಿದ್ರು. ಅದನ್ನ ನಂಬಿಕೊಂಡು, ಅಕ್ಟೋಬರ್‌ನಲ್ಲಿ ಕ್ಯಾಮೆರಾ ಇರೋ ಹೊಸ ಐಮ್ಯಾಕ್ ಜಿ5 ಬಂದಾಗ ಇನ್ನೂ ಟೈಮಿದೆಯಲ್ಲ ಅಂತ ತಗೊಂಡೋರ ಗತಿ ನೋಡಿ, ಜನವರಿಗೇ ಅದೇ ಮೈಕಟ್ಟಲ್ಲಿ ಅದೇ 1,299 ಡಾಲರ್‌ಗೆ ಇಂಟೆಲ್ ಐಮ್ಯಾಕ್ ಬಂದುಬಿಡ್ತು.

ಹಾಗಂತ ಕಾದೋರೆಲ್ಲ ಗೆದ್ರು ಅಂತನೂ ಅಲ್ಲ. ಫೋಟೋಶಾಪ್ ಇಂಟೆಲ್ ಮ್ಯಾಕ್‌ಗೆ ಸರಿಯಾಗಿ ಬಂದಿದ್ದು 2007ರ ಸಿಎಸ್3 ಜೊತೆ, ಅಲ್ಲಿವರೆಗೂ ಹಳೇ ಚಿಪ್ಪಿನ ಸಾಫ್ಟ್‌ವೇರನ್ನ ಹೊಸದರಲ್ಲಿ ಓಡ್ಸೋ ರೊಸೆಟ್ಟಾ ಅನ್ನೋ ಭಾಷಾಂತರದ ಮೇಲೆ ತೆವಳ್ಕೊಂಡೇ ಓಡ್ತಿತ್ತು, ಅದೇ ಕೊನೇಗಾಲದಲ್ಲಿ ಬಂದ ನಾಲ್ಕು ಕೋರ್ ಪವರ್ ಮ್ಯಾಕ್ ಜಿ5 ಇಟ್ಟುಕೊಂಡೋರು ಆರಾಮಾಗಿ ಕೆಲಸ ಮಾಡ್ಕೊಂಡಿದ್ರು. ಡಿಟಿಪಿಯವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸೋ ಪುಟ ಜೋಡಿಸೋ ಪೇಜ್‌ಮೇಕರ್ ಅಂತೂ ಮ್ಯಾಕಲ್ಲಿ ಹಳೇ ಮ್ಯಾಕ್ ಓಎಸ್ 9ರ ಸಾಫ್ಟ್‌ವೇರು, ಹೊಸ ಓಎಸ್‌ನಲ್ಲಿ ಕ್ಲಾಸಿಕ್ ಅನ್ನೋ ಏರ್ಪಾಡಿನ ಒಳಗೆ ಮಾತ್ರ ಓಡ್ತಿತ್ತು, ಇಂಟೆಲ್ ಮ್ಯಾಕಲ್ಲಿ ಕ್ಲಾಸಿಕ್ಕೇ ಇರಲಿಲ್ಲ, ಕಥೆ ಮುಗೀತು.

2020ರದ್ದು ಇನ್ನೂ ಮಜಾ. ಆಪಲ್ ತನ್ನದೇ ಚಿಪ್ ಹಾಕುತ್ತೆ ಅನ್ನೋ ಸುದ್ದಿ 2018ರಿಂದಲೇ ಓಡಾಡ್ತಿತ್ತು. 2019ರ ನವೆಂಬರ್‌ನಲ್ಲಿ ಇಂಟೆಲ್‌ನ 16 ಇಂಚಿನ ಮ್ಯಾಕ್‌ಬುಕ್ ಪ್ರೋ ಬಂತು, 2020ರ ಮಾರ್ಚ್‌ನಲ್ಲಿ ಇಂಟೆಲ್ ಮ್ಯಾಕ್‌ಬುಕ್ ಏರ್ ಬಂತು, ನವೆಂಬರ್‌ನಲ್ಲಿ ಆಪಲ್‌ದೇ ಎಂ1 ಚಿಪ್ಪಿನ ಏರ್ ಬಂತು, ಏರ್ ಎರಡಕ್ಕೂ ಶುರುವಿನ ಬೆಲೆ ನಮ್ಮಲ್ಲಿ 93 ಸಾವಿರದ ಹತ್ರ. ಈಗ 2025ರಲ್ಲಿ ಬಂದ ಟಾಹೊ ಅನ್ನೋ ಓಎಸ್ಸೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೇದು ಅಂತ ಕಂಪನಿನೇ ಹೇಳಿದೆ. ತಮಾಷೆ ಏನಂದ್ರೆ 2019ರ ಆ 16 ಇಂಚಿಗೆ ಟಾಹೊ ಸಿಗುತ್ತೆ, ಅದಕ್ಕಿಂತ ಹೊಸದಾದ 2020ರ ಇಂಟೆಲ್ ಏರ್‌ಗೆ ಸಿಗಲ್ಲ! ಕಾದು ಕಾದು ಹೊಸದು ತಗೊಂಡೋರಿಗೇ ಮೊದಲು ಬಾಗಿಲು ಮುಚ್ಚಿದ್ರು. ಇಂಟೆಲ್ ಮ್ಯಾಕ್ ಪ್ರೋ ಅನ್ನೋ ಡೆಸ್ಕ್‌ಟಾಪನ್ನ 2023ರ ಜೂನ್‌ವರೆಗೂ ಮಾರಿದ್ರು, ಅಮೆರಿಕದಲ್ಲಿ ಶುರುವಿನ ಬೆಲೆನೇ 5,999 ಡಾಲರ್, ಕೊನೇಲಿ ತಗೊಂಡೋರಿಗೆ ಎರಡೇ ವರ್ಷಕ್ಕೆ ಕೊನೇ ಓಎಸ್ ಬಂತು. ಇದನ್ನ ಯಾವ ರೂಮರ್ ಪಂಡಿತರು ಮುಂಚೆ ಹೇಳಿದ್ರು ಸ್ವಾಮಿ?

ಈಗ ವಿಂಡೋಸ್ ಕಡೆ ಬನ್ನಿ. ಆರ್ಮ್ ಲ್ಯಾಪ್‌ಟಾಪಲ್ಲಿ ಹಳೇ ಸಾಫ್ಟ್‌ವೇರ್ ಓಡ್ಸೋಕೆ ಪ್ರಿಸಂ ಅಂತ ಎಮ್ಯುಲೇಶನ್, ಅಂದ್ರೆ ರೊಸೆಟ್ಟಾ ಥರದ ಭಾಷಾಂತರ, ಇದೆ, ಬಹಳಷ್ಟು ಓಡುತ್ತೆ ಕೂಡ, ಆದ್ರೆ ಪ್ರಿಂಟರ್ ಥರದ ಸಾಧನಗಳನ್ನ ಕಂಪ್ಯೂಟರ್ ಜೊತೆ ಓಡ್ಸೋ ಡ್ರೈವರ್ ಅನ್ನೋ ಸಾಫ್ಟ್‌ವೇರ್‌ಗೆ ಆ ಉಪಾಯ ನಡೆಯಲ್ಲ, ಆರ್ಮ್‌ಗೇ ಅಂತ ಮಾಡಿರ್ಲೇಬೇಕು. ನಮ್ಮೂರಲ್ಲಿ ಮದುವೆ ಪತ್ರಿಕೆ, ಹ್ಯಾಂಡ್‌ಬಿಲ್ ಮಾಡೋ ಒಂದು ಅಂಗಡಿಗೆ ನಾನು ಆಗಾಗ ಹೋಗ್ತಿರ್ತೀನಿ, ಸಿಪಿಯು ಹಿಂದೆ ಒಂದು ಡಾಂಗಲ್ ಸಿಕ್ಸಿದಾರೆ, ಅದನ್ನ ಕಿತ್ರೆ ಅವರ ಕನ್ನಡ ಸಾಫ್ಟ್‌ವೇರ್ ಓಪನ್ನೇ ಆಗಲ್ಲ, ಕಿತ್ತೋಗದಂಗೆ ಮೇಲೆ ಸೆಲ್ಲೋಟೇಪ್ ಬೇರೆ ಸುತ್ತಿದಾರೆ, ಪ್ರಿಂಟರೂ ಅದೇ ವಯಸ್ಸಿಂದು. ಅವ್ರಿಗೆ "ಹೊಸ ಚಿಪ್‌ಗೆ ಕಾಯಿರಿ, ಬ್ಯಾಟರಿ ಇಡೀ ದಿನ ಬರುತ್ತೆ" ಅಂದ್ರೆ ಏನು ಪ್ರಯೋಜನ? ಆ ಡಾಂಗಲ್‌ಗೂ ಆ ಪ್ರಿಂಟರ್‌ಗೂ ಆರ್ಮ್ ಡ್ರೈವರ್ ಇದೆಯಾ ಅಂತ ಕಂಪನಿಗೆ ಫೋನ್ ಮಾಡಿ ಕೇಳ್ಬೇಕು, ಇಲ್ಲಾಂದ್ರೆ ಕಣ್ಮುಚ್ಚಿಕೊಂಡು ಇಂಟೆಲ್ಲೋ ಎಎಂಡಿನೋ ತಗೋಬೇಕು. ಬರೀ ಬ್ರೌಸರು, ಆನ್‌ಲೈನ್ ಕ್ಲಾಸು, ವರ್ಡ್ ಅನ್ನೋ ಕಾಲೇಜು ಮಕ್ಕಳಿಗೆ ಯಾವುದಾದ್ರೂ ನಡೆಯುತ್ತೆ, ಅವ್ರು ಕಾಯೋದೇ ಬೇಡ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ರಿವ್ಯೂ ಬರೆಯುವಾಗ ಗಿಗಾಹರ್ಟ್ಸು, ಎಐ ಅಂತ ಅರ್ಧ ಕಾಲಂ ತುಂಬಿಸೋ ಬದಲು ಈ ಮಷೀನ್‌ಗೆ ಯಾವ ವರ್ಷದವರೆಗೆ ಅಪ್‌ಡೇಟ್ ಕೊಡ್ತೀರಿ ಅಂತ ಕಂಪನಿಯವರನ್ನ ಕೇಳಿ, ಅವ್ರು ಹೇಳಿದ್ದನ್ನ ಒಂದು ಸಾಲು ಹಾಕಿ, ಹೇಳದೇ ಇದ್ರೆ ಹೇಳಲಿಲ್ಲ ಅಂತಲೇ ಹಾಕಿ. ಆಗದ ಕೆಲಸ ಏನಲ್ಲ, ತನ್ನ ಓಎಸ್ ಇರೋ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಿಗೆ ಗೂಗಲ್ ಮಾಡೆಲ್ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲೋ ತಾರೀಖು ಪ್ರಕಟ ಮಾಡುತ್ತೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಇಂಟರ್‌ನೆಟ್‌ಗೆ ಸೇರೋ ವಸ್ತು ಮಾರೋರು ಎಷ್ಟು ದಿನ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ಹೇಳ್ಲೇಬೇಕು ಅಂತ ಕಾನೂನು ಬಂತು, ಅದ್ರಲ್ಲೂ ಲ್ಯಾಪ್‌ಟಾಪು ಡೆಸ್ಕ್‌ಟಾಪು ಬಿಟ್ಟುಬಿಟ್ಟಿದಾರೆ, ಯಾಕೋ. ನಮ್ಮ ಸರ್ಕಾರ ಈ ಥರ ಕಾನೂನು ಮಾಡಿದ್ರೆ ಕಂಪ್ಯೂಟರನ್ನ ಬಿಡದಿರ್ಲಿ ಅಂತ ನಿಮ್ಮ ಸಂಪಾದಕೀಯದಲ್ಲೂ ಒಮ್ಮೆ ಬರೀರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಶಿವಮೊಗ್ಗ