ಅಪ್ಪಾ, ಆ ಲೈಟ್ ಆರಿಸಬೇಡಿ, ಮೊದಲು ಓದಿಸಿ

ಕ್ಲೀವ್‌ಲ್ಯಾಂಡ್, ಒಹಾಯೊ

ಅಪ್ಪನಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಕ್ಕಳಿಗೆ ಬೇಸಿಗೆ ರಜೆ, ಅವರ ಸುದ್ದಿ ಎಲ್ಲ ಭಾನುವಾರ ಫೋನಿನಲ್ಲಿ. ಈ ಪತ್ರ ಪೂರ್ತಿ ಕಾರಿನ ವಿಷಯಕ್ಕೆ. ಫೋನಿನಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ, ಈ ಮಳೆಗೆ ಮೂಡಿಗೆರೆ ಕಡೆ ಲೈನ್ ಬೇರೆ ಕಟ್ ಆಗುತ್ತಿರುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪುಟ್ಟ ಪ್ರಿಂಟ್ ತೆಗೆದು ಕೊಡುತ್ತಾನೆ, ಗ್ಯಾರೇಜಿಗೆ ಹೋಗುವಾಗ ಜೊತೆಗಿಟ್ಟುಕೊಳ್ಳಿ.

ಪುಟ್ಟ ಮೀಟರ್ ಬೋರ್ಡಿನ ಫೋಟೋ ಕಳಿಸಿದ್ದ. ಹಳದಿ ಬಣ್ಣದ ಇಂಜಿನ್ ಚಿತ್ರ ಉರಿಯುತ್ತಿದೆ, ಚೆಕ್ ಇಂಜಿನ್ ಲೈಟ್ ಅನ್ನುತ್ತಾರೆ. ಗ್ಯಾರೇಜಿನವರು ಬ್ಯಾಟರಿ ಟರ್ಮಿನಲ್ ಬಿಚ್ಚಿ ಮತ್ತೆ ಹಾಕಿದರಂತೆ, ಲೈಟ್ ಹೋಯಿತಂತೆ, ಸ್ವಲ್ಪ ದಿನಕ್ಕೆ ಮತ್ತೆ ಬಂತಂತೆ. ಈಗ "ಸೆನ್ಸರ್ ಪ್ರಾಬ್ಲಂ ಸಾರ್, ಏನೂ ಆಗಲ್ಲ, ಓಡಿಸಿ" ಅಂದಿದ್ದಾರೆ. ನೀವು ಅದನ್ನು ನಂಬಿ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಕಣ್ಣು ತೋರಿಸಲು ಹೊರಟಿದ್ದೀರಿ.

ಲೈಟ್ ಬಂದಿದ್ದಕ್ಕೆ ನನಗೆ ಅಷ್ಟು ಹೆದರಿಕೆ ಇಲ್ಲ. ಅದು ಯಾಕೆ ಬಂತು ಅಂತ ಇಲ್ಲಿಯವರೆಗೆ ಯಾರೂ ಸ್ಕ್ಯಾನರ್ ಹಾಕಿ ನೋಡಿಲ್ಲವಲ್ಲ, ಅದಕ್ಕೆ ಹೆದರಿಕೆ. ಪುಟ್ಟ ಇನ್ನೊಂದು ಮಾತು ಹೇಳಿದ: ಆಲ್ದೂರಿನ ಕಡೆ ಏರು ಹತ್ತುವಾಗ ಲೈಟ್ ಸ್ವಲ್ಪ ಹೊತ್ತು ಮಿಣಮಿಣ ಅಂತ ಹೊಡೆದುಕೊಂಡಿತು, ಗಾಡಿ ಜರ್ಕ್ ಹೊಡೆಯಿತು ಅಂತ. ಇದು ಕೇಳಿದ ಮೇಲೆ ನನಗೆ ನಿದ್ದೆ ಸರಿ ಬಂದಿಲ್ಲ.

ಈ ಲೈಟಿಗೆ ಎರಡು ಭಾಷೆ ಇದೆ ಅಪ್ಪ. ಸುಮ್ನೆ ಒಂದೇ ಸಮ ಉರಿಯುತ್ತಿದ್ದರೆ, ಗಾಡಿ ಎಂದಿನಂತೆ ಓಡುತ್ತಿದ್ದರೆ, ನಿಧಾನಕ್ಕೆ ಮನೆ ತಲುಪಬಹುದು. ಆದರೆ ಬೇಗ ತೋರಿಸಬೇಕು. ಮಿನುಗುತ್ತಿದ್ದರೆ ವಿಷಯ ಬೇರೆ. ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಪೈಪಿಗೆ ಹೋಗುತ್ತಿದೆ ಅಂತ ಅರ್ಥ. ಆ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇದೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ಗಟ್ಟಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಹಸಿ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದರೆ ಅದು ಮಿತಿ ಮೀರಿ ಕಾದು ಒಳಗೇ ಕರಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಇಂಜಿನ್ನಿಗೆ ಉಸಿರು ಬಿಡಲು ಜಾಗವೇ ಇರುವುದಿಲ್ಲ. ಕಿಡಿ ಹಾರಿಸುವ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲೋ ಬದಲಿಸಿದ್ದರೆ ಮುಗಿದುಹೋಗುತ್ತಿದ್ದ ಕೆಲಸ ಅಷ್ಟು ದುಬಾರಿ ಡಬ್ಬಿಯ ತನಕ ಹೋಗುತ್ತದೆ. ದುಡ್ಡು ಹಾಳಾಗಲಿ, ಅಷ್ಟು ಕಾದ ಸೈಲೆನ್ಸರ್ ಇಟ್ಟುಕೊಂಡು ಬೇಸಿಗೆಯಲ್ಲಿ ತೋಟದ ದರಗಿನ ಮೇಲೆ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಈಗ ಮಳೆ, ಆ ಭಯ ಇಲ್ಲ. ಆದರೂ ತಲೆಯಲ್ಲಿರಲಿ.

ಆದ್ದರಿಂದ ಮಿನುಗಿದ ತಕ್ಷಣ ಆಕ್ಸಿಲರೇಟರ್ ಬಿಡಿ, ಸೈಡಿಗೆ ಹಾಕಿ, ಇಂಜಿನ್ ಆಫ್ ಮಾಡಿ. ಏರಿನಲ್ಲಿ ಒತ್ತಿ ಎಳೆಯಲೇಬೇಡಿ.

ಕೆಂಪು ಲೈಟುಗಳನ್ನು ಇದರ ಜೊತೆ ಬೆರೆಸಬೇಡಿ. ಎಣ್ಣೆ ಕ್ಯಾನಿನ ಚಿತ್ರ ಕೆಂಪಗೆ ಬಂದರೆ ಆಯಿಲ್ ಪ್ರೆಶರ್ ಇಲ್ಲ ಅಂತ, ಆ ಕ್ಷಣವೇ ಆಫ್. ಥರ್ಮಾಮೀಟರ್ ಚಿತ್ರ ಕೆಂಪಗೆ ಬಂದರೆ ಇಂಜಿನ್ ಕಾದಿದೆ ಅಂತ, ಅದಕ್ಕೂ ನಿಲ್ಲಿಸಲೇಬೇಕು, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ನಿಮಗೆ ಗೊತ್ತಿರುವುದೇ. ಅಮ್ಮನಿಗೂ ಒಮ್ಮೆ ತೋರಿಸಿಡಿ, ಪಕ್ಕದ ಸೀಟಿನಲ್ಲಿ ಕೂರುವುದು ಅವರೇ ಅಲ್ವಾ.

ಈಗ ಬ್ಯಾಟರಿ ಬಿಚ್ಚಿದ ವಿಷಯ. ನನಗೆ ಅದೇ ಜಾಸ್ತಿ ಬೇಜಾರಾಗಿದ್ದು. ಲೈಟ್ ಉರಿಯುವಾಗ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತದೆ. ಅದರ ಜೊತೆ ತೊಂದರೆ ಆದ ಆ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಎಷ್ಟು ವೇಗ, ಎಷ್ಟು ಭಾರ ಎಳೆಯುತ್ತಿತ್ತು ಅನ್ನುವುದನ್ನೂ ಹಿಡಿದಿಡುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಟರ್ಮಿನಲ್ ಬಿಚ್ಚಿದರೆ ಅದು ಅಳಿಸಿಹೋಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಎಷ್ಟೋ ತಪ್ಪುಗಳನ್ನು ಕಂಪ್ಯೂಟರ್ ಮೊದಲ ಸಲಕ್ಕೇ ನಂಬುವುದಿಲ್ಲ, ಇನ್ನೊಂದು ಓಟದಲ್ಲೂ ಅದೇ ಕಂಡರೆ ಮಾತ್ರ ಲೈಟ್ ಹಾಕುತ್ತದೆ. ಅದಕ್ಕೇ ಬಿಚ್ಚಿದ ಮೇಲೆ ಸ್ವಲ್ಪ ದಿನ ಆರಾಮಾಗಿ ಕಂಡು ಮತ್ತೆ ಬಂದಿದ್ದು. ತೋಟದಲ್ಲಿ ಅರೇಬಿಕಾ ಗಿಡ ಹಳದಿ ತಿರುಗಿದರೆ ನೀವು ಹಳದಿ ಎಲೆ ಕಿತ್ತು ಸುಮ್ಮನಾಗುತ್ತೀರಾ? ಕಾಂಡ ನೋಡುತ್ತೀರಿ, ಕಾಂಡ ಕೊರೆಯುವ ಬೋರರ್ ಹುಳ ಇದೆಯಾ ಅಂತ. ಕಾರಿಗೂ ಅಷ್ಟೇ ಮಾಡಿ ಅಪ್ಪ.

ಓದಿಸುವುದು ಕಷ್ಟದ ಕೆಲಸವೇ ಅಲ್ಲ. ನಿಮ್ಮ ಗಾಡಿ 2018ರದ್ದು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಪತ್ತೆ ಮಾಡಿ ಕೋಡಿನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯ ಆಗಿದೆ, ಅಮೆರಿಕದಲ್ಲಿ 1996ರ ಮಾಡೆಲ್‌ನಿಂದಲೇ ಇತ್ತು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿ ಕೀ ಆನ್ ಮಾಡಿದರೆ ಕೋಡ್ ಬರುತ್ತದೆ. ಬ್ಲೂಟೂತ್ ಇರುವ ಸಣ್ಣ ಸ್ಕ್ಯಾನರ್ ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಒಳಗೇ ಸಿಗುತ್ತದೆ, ಪುಟ್ಟ ತರಿಸಲಿ, ಅವನ ಮೊಬೈಲಿನಲ್ಲೇ ಆ್ಯಪ್ ಹಾಕಿ ಓದಬಹುದು. ಓದಿದ ಮೇಲೆ ತೆಗೆದಿಡಬೇಕು, ಅಲ್ಲೇ ಬಿಟ್ಟರೆ ಬ್ಯಾಟರಿ ಎಳೆಯುತ್ತದೆ. ಅದು ಬರುವವರೆಗೆ ಕಾಯುವುದು ಬೇಡ. ಚಿಕ್ಕಮಗಳೂರಿನಲ್ಲಿ ಸ್ಕ್ಯಾನರ್ ಇಟ್ಟಿರುವ ಗ್ಯಾರೇಜ್ ವಿಚಾರಿಸಿ, ಇಲ್ಲ ಶೋರೂಮಿನ ಸರ್ವಿಸ್‌ಗೆ ಬಿಡಿ. ಅಲ್ಲಿಯವರೆಗೂ ಓಡಿಸಿಕೊಂಡು ಹೋಗಲೇಬೇಕು ಅಂದರೆ ಒಬ್ಬರೇ, ನಿಧಾನಕ್ಕೆ, ಮಿನುಗಿದರೆ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ಅಂತ ಪುಟ್ಟ ಇವತ್ತೇ ನೋಡಲಿ.

ಒಂದೇ ಮಾತು ಖಡಕ್ಕಾಗಿ ಹೇಳಿ: ಕೋಡ್ ಅಳಿಸುವ ಮೊದಲು ಫೋಟೋ ತೆಗೆದುಕೊಡಿ ಅಂತ. ಕೋಡೂ ಬೇಕು, ಫ್ರೀಜ್ ಫ್ರೇಮೂ ಬೇಕು. ನನಗೆ ಕಳಿಸಿ.

ಕೋಡ್ ಬಂದ ತಕ್ಷಣ ಪಾರ್ಟ್ ಬದಲಿಸಿಬಿಡುವ ಗ್ಯಾರೇಜುಗಳೂ ಇವೆ, ಎಲ್ಲ ಊರಿನಲ್ಲೂ. ಅಲ್ಲೂ ಸ್ವಲ್ಪ ಹುಷಾರು. ಉದಾಹರಣೆಗೆ ಪಿ 0171 ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಆಗಿದೆ ಅಂತ. ಅದು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುತ್ತಾರೆ. ಆದರೆ ಎಲ್ಲೋ ಒಂದು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು. ಸೆನ್ಸರ್ ಪಾಪ ನಿಜವನ್ನೇ ಹೇಳುತ್ತಿರುತ್ತದೆ. ಪಿ 0420 ಬಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ, ಅದು ಬಂದರೆ ನನ್ನನ್ನು ಕೇಳದೆ ಏನೂ ಖರ್ಚು ಮಾಡಬೇಡಿ. ಸೈಲೆನ್ಸರ್ ಪೈಪ್ ಲೀಕ್ ಇದ್ದರೂ ಅದೇ ಕೋಡ್ ಬರಬಹುದು.

ನನ್ನ ಅಂದಾಜು ಬೇರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುತ್ತದೆ, ಮೈಲೇಜ್ ಇಳಿದಿದೆ, ಏರಿನಲ್ಲಿ ಜರ್ಕ್, ಲೈಟ್ ಮಿನುಗಿದ್ದು, ಇದನ್ನೆಲ್ಲ ಸೇರಿಸಿದರೆ ಮಿಸ್ಸಿಂಗೇ. ಪಿ 0300 ಬರಬಹುದು, ಇಲ್ಲ 0301ರಿಂದ 0304ರೊಳಗೆ ಒಂದು. ಕೊನೆಯ ಅಂಕಿ ಯಾವ ಸಿಲಿಂಡರ್ ಅಂತ ಹೇಳುತ್ತದೆ. 0301 ಬಂದರೆ ಮೊದಲನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಮೊದಲನೆಯದಕ್ಕೆ ಹಾಕಿ, ಕೋಡ್ ಅಳಿಸಿ ಸ್ವಲ್ಪ ಓಡಿಸಿ ನೋಡಲಿ. ಈಗ 0302 ಬಂದರೆ ಕಾಯಿಲೇ ಕಳ್ಳ. 0301ರಲ್ಲೇ ನಿಂತರೆ ಪ್ಲಗ್ ಅದಲುಬದಲು ಮಾಡಿ ನೋಡುವುದು, ಆಮೇಲೆ ಇಂಜೆಕ್ಟರ್, ಕಂಪ್ರೆಷನ್. ಒಂದು ರೂಪಾಯಿ ಪಾರ್ಟ್ ತರದೆ ಅರ್ಧ ಉತ್ತರ ಸಿಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಾಗಿ ಮಾಡುತ್ತಾನೆ.

ಮತ್ತೆ ನಮ್ಮ ಕಡೆ ಇನ್ನೊಂದು ಕಾರಣ ಇದ್ದೇ ಇದೆ. ಇಲಿ. ಮಳೆಗಾಲದಲ್ಲಿ ಬಿಸಿ ಇಂಜಿನ್ ಮೇಲೆ ಬೆಚ್ಚಗೆ ಕೂರಲು ಬರುತ್ತವೆ, ವೈರ್ ಕಡಿದು ಹಾಕುತ್ತವೆ. ಶೆಡ್ಡಿನಲ್ಲಿ ಕಾಫಿ ಮೂಟೆ, ಭತ್ತದ ಚೀಲ ಎಲ್ಲ ಪಕ್ಕದಲ್ಲೇ ಇಟ್ಟಿದ್ದೀರಿ. ಬಾನೆಟ್ ಎತ್ತಿ ಟಾರ್ಚ್ ಹಾಕಿ ಒಮ್ಮೆ ನಿಧಾನವಾಗಿ ನೋಡಿ, ಹಿಕ್ಕೆ ಇದೆಯಾ, ಹುಲ್ಲು ಚಿಂದಿ ಇದೆಯಾ, ಯಾವುದಾದರೂ ವೈರ್ ಸಿಪ್ಪೆ ಸುಲಿದಿದೆಯಾ. ಕಾಯಿಲ್ ಮೇಲಿನ ಕಪ್ಲರ್‌ಗಳಲ್ಲಿ ನೀರು ಕೂತು ಹಸಿರು ಕಿಲುಬು ಕಟ್ಟಿದೆಯಾ ಅಂತಲೂ ನೋಡಬೇಕು. ಇಂಜಿನ್ ತಣ್ಣಗಿರುವಾಗ, ಕೀ ಆಫ್ ಮಾಡಿಯೇ ನೋಡಿ. ಪುಟ್ಟ ಯಾವುದೋ ವಿಡಿಯೋ ನೋಡಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದ್ದಾನಂತೆ. ಒಳ್ಳೆಯದೇ. ಇಲ್ಲಿನ ಕಾರುಗಳು ಟ್ಯಾಂಕಿನಿಂದ ಆವಿ ಸೋರುತ್ತಿದೆಯಾ ಅಂತ ತಾವೇ ಪರೀಕ್ಷೆ ಮಾಡುತ್ತವೆ, ಮುಚ್ಚಳ ಸಡಿಲ ಇದ್ದರೂ ಲೈಟ್ ಬರುತ್ತದೆ, ಅದಕ್ಕೇ ಇಲ್ಲಿಯವರು ಮೊದಲು ಅದನ್ನೇ ಹೇಳುವುದು. ಆದರೆ ಮುಚ್ಚಳ ಸಡಿಲ ಇದ್ದರೆ ಗಾಡಿ ಜರ್ಕ್ ಹೊಡೆಯುವುದಿಲ್ಲ.

ಇಲ್ಲಿ ನನ್ನ ಕಾರಿಗೂ ಚಳಿಗಾಲದಲ್ಲಿ ಇದೇ ಲೈಟ್ ಬಂದಿತ್ತು. ಹೊರಗೆ ಹಿಮ, ಹೀಟರಿನಿಂದ ಬರುತ್ತಿದ್ದುದು ಉಗುರುಬೆಚ್ಚಗಿನ ಗಾಳಿ. ಸ್ಪೇರ್ ಪಾರ್ಟ್ಸ್ ಅಂಗಡಿಯವರೇ ಹೊರಗೆ ಬಂದು ಪುಕ್ಕಟೆ ಸ್ಕ್ಯಾನ್ ಮಾಡಿಕೊಟ್ಟರು. ಪಿ 0128. ಇಂಜಿನ್ ಬಿಸಿಯಾಗಬೇಕಾದಷ್ಟು ಆಗುತ್ತಿಲ್ಲ ಅಂತ. ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಥರ್ಮೋಸ್ಟಾಟ್, ತೆರೆದುಕೊಂಡೇ ಉಳಿದಿತ್ತು, ಅದೊಂದು ಬದಲಿಸಿದ ಮೇಲೆ ಹೀಟರೂ ಸರಿಯಾಯಿತು, ಪೆಟ್ರೋಲ್ ಖರ್ಚೂ ಕಡಿಮೆಯಾಯಿತು. ಕ್ಲೀವ್‌ಲ್ಯಾಂಡ್ ಸುತ್ತ ಏಳು ಕೌಂಟಿಗಳಲ್ಲಿ ಈ-ಚೆಕ್ ಅಂತ ಹೊಗೆ ಪರೀಕ್ಷೆ ಇದೆ, ಅದೇ ಸಾಕೆಟ್ಟಿಗೆ ವೈರ್ ಹಾಕಿ ನೋಡುತ್ತಾರೆ. ಲೈಟ್ ಉರಿಯುತ್ತಿದ್ದರೆ ಫೇಲ್. ಹಿಂದಿನ ದಿನ ಬ್ಯಾಟರಿ ಬಿಚ್ಚಿ ಹೋದರೂ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಕಂಪ್ಯೂಟರಿನ ಸ್ವಂತ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಅದೇ ಹೇಳಿಬಿಡುತ್ತದೆ. ನಿಜಕ್ಕೂ ಈ ಲೈಟ್ ಹುಟ್ಟಿದ್ದೇ ಗಾಳಿ ಕೆಡಬಾರದು ಅಂತ. ಗಾಡಿ ಉಳಿಯುವುದು ಜೊತೆಗೆ ಸಿಕ್ಕ ಲಾಭ.

ಮಂಗಳೂರು ಪ್ರಯಾಣದ ಬಗ್ಗೆ ನನ್ನ ಮಾತು ಕೇಳಿ. ಈ ಗಾಡಿಯಲ್ಲಿ ಈಗ ಚಾರ್ಮಾಡಿ ಬೇಡವೇ ಬೇಡ. ಇಳಿಯುವಾಗ ಭಾರ ಇರುವುದಿಲ್ಲ ಅಂತ ನೀವು ಹೇಳಬಹುದು. ಮಿಸ್ಸಿಂಗ್ ಹೊಡೆಯುವ ಇಂಜಿನ್ ಇಳಿಜಾರಿನ ತಿರುವಿನಲ್ಲಿ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿಗೆ ಇಂಜಿನ್‌ನಿಂದ ಸಿಗುವ ವ್ಯಾಕ್ಯೂಮ್ ನಿಲ್ಲುತ್ತದೆ, ಒಂದೆರಡು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ವಾಪಸ್ ಬರುವಾಗ ಪೂರ್ತಿ ಏರು, ಕನ್ವರ್ಟರಿಗೆ ಅದೇ ವಿಷ. ಕೊಟ್ಟಿಗೆಹಾರ ದಾಟಿದರೆ ಮಂಜು, ಮಳೆ, ಗುಡ್ಡ ಜರಿಯುವ ಭಯ, ಮೊಬೈಲಿಗೆ ಸಿಗ್ನಲ್ ಇಲ್ಲ. ಅಲ್ಲಿ ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ರಸ್ತೆ ಪಕ್ಕ ನಿಂತಿರುವುದನ್ನು ನೆನೆಯಲೂ ನನಗೆ ಆಗುವುದಿಲ್ಲ. ಬಸ್ಸಿನಲ್ಲಿ ಹೋಗಿ, ಇಲ್ಲ ಮೂಡಿಗೆರೆಯಿಂದ ಟ್ಯಾಕ್ಸಿ ಮಾಡಿ. ಟ್ಯಾಕ್ಸಿ ದುಡ್ಡು ನಾನು ಪುಟ್ಟನ ಅಕೌಂಟಿಗೆ ಹಾಕುತ್ತೇನೆ, ದಯವಿಟ್ಟು ಬೇಡ ಅನ್ನಬೇಡಿ.

ಇನ್ನೊಂದು. ಗ್ಯಾರೇಜಿನಲ್ಲಿ ಯಾರಾದರೂ ಬಲ್ಬ್ ತೆಗೆದುಬಿಡೋಣ, ಮೇಲೆ ಟೇಪ್ ಹಚ್ಚೋಣ ಅಂದರೆ ಒಪ್ಪಬೇಡಿ. ಕೀ ಆನ್ ಮಾಡಿದಾಗ, ಇಂಜಿನ್ ಸ್ಟಾರ್ಟ್ ಆಗುವ ಮೊದಲು, ಈ ಲೈಟ್ ಬರಲೇಬೇಕು. ಸ್ಟಾರ್ಟ್ ಆದ ಮೇಲೆ ಹೋಗಬೇಕು. ಭಾವ ಸೆಕೆಂಡ್‌ಹ್ಯಾಂಡ್ ಕಾರು ನೋಡುತ್ತಿದ್ದಾರಲ್ಲ, ಅವರಿಗೂ ಹೇಳಿ. ಕೀ ಆನ್ ಮಾಡಿದಾಗ ಲೈಟೇ ಬರದ ಕಾರನ್ನು ಸ್ಕ್ಯಾನ್ ಮಾಡಿಸದೆ ತೆಗೆದುಕೊಳ್ಳಬಾರದು.

ಚಿಕ್ಕಪ್ಪನ ಡೀಸೆಲ್ ಗಾಡಿ ಹೊಸ ಹೊಗೆ ನಿಯಮದ್ದು, ಬಿಎಸ್-6, ಅದರ ಕಥೆ ಬೇರೆ. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂತ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಅಂತ ಸಣ್ಣ ಸಣ್ಣ ಓಟ ಮಾತ್ರ ಇದ್ದರೆ ಮಸಿ ತುಂಬಿಕೊಳ್ಳುತ್ತದೆ, ಸುಟ್ಟುಹೋಗುವಷ್ಟು ಬಿಸಿ ಆಗುವುದೇ ಇಲ್ಲ. ಆಗಾಗ ಕಡೂರು ರಸ್ತೆಯಂಥ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಲಿ. ಎಷ್ಟು ವೇಗ, ಎಷ್ಟು ಹೊತ್ತು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ.

ಪುಟ್ಟನಿಗೆ: ಬಾನೆಟ್ ಕೆಳಗಿನ ಫೋಟೋಗಳನ್ನು ಇವತ್ತು ಸಂಜೆಯೇ ಕಳಿಸು. ಕೋಡ್ ಸಿಕ್ಕ ಕೂಡಲೇ ಅದನ್ನೂ. ಇಲ್ಲಿ ಮಧ್ಯರಾತ್ರಿ ಆಗಿದ್ದರೂ ಪರವಾಗಿಲ್ಲ, ಫೋನ್ ಮಾಡು.

ಅಮ್ಮನಿಗೆ ಡಾಕ್ಟರ್ ಕೊಟ್ಟ ಡ್ರಾಪ್ಸ್ ತಪ್ಪಿಸಬೇಡ ಅನ್ನಿ.

ಇಂತಿ ನಿಮ್ಮ ಮಗಳು